ಗೋಡೆಯ ಮೇಲಿನ ಮಗ

"ಕ್ಯಾಮೆರಾ ಹಚ್ಚಿಸ್ಕೊ, ಇಲ್ಲಂದ್ರ ಗಂಟು ಕಟ್ಟು. ಎರಡರಾಗ ಒಂದು ಹೇಳು," ಎಂದು ಮಹಾಂತೇಶ ರೊಟ್ಟಿ ಮುರಿಯುತ್ತ ತಾಯಿಗೆ ಹೇಳಿದ.

ಚಂದವ್ವ ಕೇಳಿಸದವಳಂತೆ ಮಗನ ತಾಟಿಗೆ ಬದನೆಕಾಯಿ ಪಲ್ಯ ಬಡಿಸಿದಳು. ಸಾಕೆಂದು ಅವನು ಕೈ ಅಡ್ಡ ಹಿಡಿದ. ಕೈ ತಪ್ಪಿಸಿ ಇನ್ನೊಂದು ಚಮಚ ಬಡಿಸಿದಳು.

"ಯವ್ವಾ, ನಾ ನಿನಗ ಹೇಳಾಕತ್ತೇನಿ."

"ಕೇಳೇತಿ. ಗಂಟು ಕಟ್ಟಿ ಎಲ್ಲಿಗೆ ಹೋಗ್ಲಿ?"

"ಎಲ್ಲಿಗಂದ್ರ? ಬಾಗಲಕೋಟಿಗೆ. ನಮ್ಮ ಮನಿಗೆ."

"ನಿಮ್ಮ ಮನಿಗೆ ಒಮ್ಮೆ ಬಂದು ನೋಡೇನಿ. ಸಾಕಾಗೇತಿ."

ಹಾಗೆ ಒಮ್ಮೆ ಬಂದು ನೋಡಿದ್ದು ಹೋದ ವರ್ಷ. ಗಂಡ ಯಂಕಪ್ಪ ತೀರಿಕೊಂಡ ಮೇಲೆ ಚಂದವ್ವ ಇಳಕಲ್ಲಿನ ಮಗ್ಗ ಬಿಚ್ಚಿಟ್ಟು ಬಾಗಲಕೋಟೆಯ ನವನಗರದಲ್ಲಿದ್ದ ಮಗನ ಮನೆಗೆ ಹೋಗಿದ್ದಳು. ಮಹಾಂತೇಶ ಅಲ್ಲಿ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತ, ಸೊಸೆ ರೋಹಿಣಿ ಶಾಲೆಯ ಟೀಚರ್. ಅತ್ತೆ ಸೊಸೆ ಜಗಳಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ದೊಡ್ಡ ಕಾರಣವಿದ್ದ ಜಗಳವಾದರೆ ಎಂದಾದರೂ ತೀರುತ್ತದೆ, ಸಣ್ಣದಕ್ಕೆ ತೀರುವ ದಾರಿಯೇ ಇಲ್ಲ. ರೋಹಿಣಿ ರೊಟ್ಟಿ ಮಾಡುವವಳ ಹತ್ತಿರ ದಿನವೂ ರೊಟ್ಟಿ ತರಿಸುತ್ತಿದ್ದಳು. "ಮನ್ಯಾಗ ಹೆಂಡ್ತಿ ಇದ್ದೂ ನನ್ನ ಮಗಾ ಖಾನಾವಳಿ ಗಿರಾಕಿ ಆಗ್ಯಾನ," ಎಂದು ಚಂದವ್ವ ಪಕ್ಕದ ಮನೆಯವರೆದುರು ಅಂದಳು. ರೋಹಿಣಿಯೇನು ಬಿಟ್ಟಾಳೆ? "ಕೈಗೆ ಕೆಲಸ ಇಲ್ಲಂದ್ರ ಬಾಯಿಗೆ ಕೆಲಸ ಹತ್ತತೈತಿ ನೋಡ್ರಿ," ಅಂದಳು. ಆ ಮಾತು ಚುಚ್ಚಿತು, ಯಾಕೆಂದರೆ ಅದು ಖರೆ ಇತ್ತು. ಮರುವಾರವೇ ಚಂದವ್ವ ಟ್ರಂಕು ಎತ್ತಿಕೊಂಡು ಇಳಕಲ್ಲಿಗೆ ಬಂದಳು. ಹಳೆಯ ಓಣಿಯಲ್ಲೇ ಎರಡು ಖೋಲಿಯ ಬಾಡಿಗೆ ಮನೆ ಹಿಡಿದು ಮತ್ತೆ ಮಗ್ಗಕ್ಕೆ ಕೂತಳು. ಅಂದಿನಿಂದ ಅತ್ತೆ ಸೊಸೆ ನಡುವೆ ಮಾತು ಅಷ್ಟಕ್ಕಷ್ಟೇ.

ಎಲ್ಲ ಸರಿಯಾಗಿಯೇ ನಡೆದಿತ್ತು. ಆದರೆ ಕಳೆದ ತಿಂಗಳು ನಲ್ಲಿಯ ಹತ್ತಿರ ಅವಳು ತಲೆಗೆ ಚಕ್ಕರು ಬಂದು ಕೊಡ ಸಮೇತ ಬಿದ್ದಳು. ಪಕ್ಕದ ಮನೆಯ ಸಾಯಿಮಾ ಎತ್ತಿ ಕೂಡಿಸಿದಳು. ಸುದ್ದಿ ಬಾಗಲಕೋಟೆಗೆ ಮುಟ್ಟಿದ ದಿನದಿಂದ ಮಹಾಂತೇಶನಿಗೆ ಹಗಲೂ ನೆಮ್ಮದಿಯಿಲ್ಲ, ರಾತ್ರಿಯೂ ನೆಮ್ಮದಿಯಿಲ್ಲ.

ಅಪ್ಪನ ಜೊತೆ ಬಂದಿದ್ದ ಮಗಳು ದಾನೇಶ್ವರಿ ಆಗಲೇ ಸ್ಟೂಲು ಹತ್ತಿ ಗೋಡೆಗೆ ಮೊಳೆ ಹೊಡೆಯುತ್ತಿದ್ದಳು. ಅವಳು ಬಾಗಲಕೋಟೆಯಲ್ಲೇ ಇಂಜಿನಿಯರಿಂಗ್ ಓದುವ ಹುಡುಗಿ. ಈ ಕ್ಯಾಮೆರಾದ ಉಪಾಯ ಅವಳದೇ.

"ಆಯಿ, ಇದು ಬರೇ ಫೋಟೋ ತಗಿಯೂ ಕ್ಯಾಮೆರಾ ಅಲ್ಲ," ಎಂದು ಮೇಲಿನಿಂದಲೇ ಅಜ್ಜಿಗೆ ತಿಳಿಸಿ ಹೇಳಿದಳು. "ನಿನ್ನ ತಲಿ ಎಲ್ಲೈತಿ, ಹೆಗಲು ಎಲ್ಲೈತಿ, ಮೊಣಕಾಲು ಎಲ್ಲೈತಿ ಅಂತ ಚುಕ್ಕಿ ಇಟ್ಕೊಂಡು ನೋಡತೈತಿ. ತಲಿ ನೆಲದ ಹತ್ರ ಬಂದು ಅಲ್ಲೇ ಉಳೀತಂದ್ರ, ಬಿದ್ದಾಳಂತ ತಿಳ್ಕೊಂಡು ನಮ್ಮ ಫೋನಿಗೆ ಕೂಗತೈತಿ."

"ಚುಕ್ಕಿ ಇಡೂದು? ರಂಗೋಲಿಗತೆ?"

"ಹೂಂ, ರಂಗೋಲಿಗತೇನ."

"ಅಂದ್ರ ನೀವು ಬಾಗಲಕೋಟ್ಯಾಗ ಕುಂತು ನನ್ನ ನೋಡ್ತಿರ್ತೀರಿ?"

"ಹಂಗಲ್ಲ ಆಯಿ, ನಾವ್ಯಾರೂ ನೋಡಂಗಿಲ್ಲ. ಅದು..."

"ನೋಡ್ತಿರ್ತೇವಿ ಯವ್ವಾ, ಹಗಲೆಲ್ಲಾ ನೋಡ್ತಿರ್ತೇವಿ," ಎಂದು ಮಹಾಂತೇಶ ಮಗಳ ಮಾತು ಕಡಿದ. "ನೀ ನಿಶ್ಚಿಂತಿಲಿಂದ ಇರು."

ಚಂದವ್ವ ಥಟ್ಟನೆ ಸೆರಗು ತಲೆಗೆಳೆದುಕೊಂಡಳು. ಹಾಗಾದರೆ ಸೀರೆ ಉಡುವುದೆಲ್ಲ ಇನ್ನು ಮೇಲೆ ಒಳಗಿನ ಖೋಲಿಯಲ್ಲಿ ಎಂದು ಷರತ್ತು ಹಾಕಿದಳು. ಆ ಷರತ್ತಿನ ಮೇಲೆ ಒಪ್ಪಂದವಾಯಿತು. ಗಂಟು ಕಟ್ಟುವ ಮಾತು ಸದ್ಯಕ್ಕೆ ನಿಂತಿತು. ಇನ್ನೊಮ್ಮೆ ಬಿದ್ದರೆ ಮಾತ್ರ ಮಗ್ಗ ಬಿಟ್ಟು ಬರಬೇಕು, ತಕರಾರು ನಡೆಯುವುದಿಲ್ಲ ಎಂದು ಹೇಳಿ ಮಹಾಂತೇಶ ಎದ್ದು ಕೈ ತೊಳೆದುಕೊಂಡ.

ಹೊರಡುವಾಗ ಸಾಯಿಮಾ ಬಾಗಿಲಲ್ಲಿ ಸಿಕ್ಕಳು. ಅವಳು ಚಂದವ್ವನ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿ ಕೊಡುವವಳು. ದಿನವೂ ಬೆಳಿಗ್ಗೆ ಚಹಾ ಹಿಡಿದುಕೊಂಡು ಸೀದಾ ಒಳಗೆ ಬಂದು, ಮಗ್ಗದ ಕುಣಿಯ ಪಕ್ಕ ಕೂತು, ಗಂಡ ನವೀದನ ಮೇಲಿನ ದೂರೆಲ್ಲ ಹೇಳಿ ಹಗುರಾಗಿ ಹೋಗುತ್ತಿದ್ದಳು.

"ಇನ್ನ ನೀವೇನೂ ಕಾಳಜಿ ಮಾಡಬ್ಯಾಡ್ರಿ, ಸಾಯಿಮಾಬಾಯಿ. ಕ್ಯಾಮೆರಾ ಹಚ್ಚೇವಿ, ಎಲ್ಲಾ ಕಾಣತೈತಿ," ಎಂದು ಮಹಾಂತೇಶ ಬಹಳ ಉಪಕಾರ ಮಾಡಿದವನಂತೆ ಹೇಳಿದ.

"ಎಲ್ಲಾ ಕಾಣತೈತ್ರಿ, ಮಾಂತೇಶಣ್ಣಾರ?"

"ಎಲ್ಲಾ."

ಸಾಯಿಮಾ ಹೊಸ್ತಿಲ ಮೇಲಿಟ್ಟ ಕಾಲು ಹಿಂದೆ ತೆಗೆದಳು. ಮನೆಯ ಕೆಲಸದ ನಡುವೆ ತಲೆಯ ಮೇಲೆ ಓಢಣಿ ಇದ್ದರುಂಟು ಇಲ್ಲದಿದ್ದರಿಲ್ಲ, ಆ ವೇಷದಲ್ಲೇ ಅವಳು ಬರುತ್ತಿದ್ದದ್ದು. ಬಾಗಲಕೋಟೆಯ ಗಂಡಸರ ಕಣ್ಣಿಗೆ ಬೀಳುವುದೆಂದರೆ ಹೇಗೆ? ಮರುದಿನದಿಂದ ಅವಳು ಕಂಡಿಕೆಯ ಬುಟ್ಟಿಯನ್ನು ಬಾಗಿಲಲ್ಲೇ ಇಟ್ಟು, ಹೊರಗಿನಿಂದಲೇ ಕೂಗಿ ಹೇಳಿ ಹೋಗತೊಡಗಿದಳು. ಬಾಗಲಕೋಟೆಯಲ್ಲಿ ಇದು ಯಾರ ಗಮನಕ್ಕೂ ಬರಲಿಲ್ಲ.

ಮೊದಲ ಕೂಗು ಸೋಮವಾರ ಬೆಳಿಗ್ಗೆಯೇ ಬಂತು. ಮಹಾಂತೇಶ ಮಂಡಕ್ಕಿ ಸುಸಲಾ ತಿನ್ನುತ್ತಿದ್ದ. ಮೇಜಿನ ಮೇಲಿದ್ದ ಫೋನು ಅಂಬ್ಯುಲೆನ್ಸಿನಂತೆ ಅರಚಿತು. "ವ್ಯಕ್ತಿ ಬಿದ್ದಿದ್ದಾರೆ" ಎಂದು ಕೆಂಪಕ್ಷರ ಮೂಡಿತು. ಅವನು ತಿನ್ನುವುದನ್ನು ಬಿಟ್ಟೆದ್ದ.

"ಫೋನ್ ಹಚ್ಚು, ಫೋನ್ ಹಚ್ಚು ಅಕಿಗೆ!"

ರೋಹಿಣಿ ಹಚ್ಚಿದಳು. ಅತ್ತಲಿಂದ ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದಳು. ಅಷ್ಟರಲ್ಲಿ ಅವನು ಬೈಕಿನ ಕೀಲಿ ಹುಡುಕುತ್ತಿದ್ದ, ಕೀಲಿ ಕೈಯಲ್ಲೇ ಇತ್ತು. ಅಮೀನಗಡ ದಾಟಿದ್ದು, ಹುನಗುಂದ ದಾಟಿದ್ದು ಒಂದೂ ಅವನಿಗೆ ನೆನಪಿಲ್ಲ. ಇಳಕಲ್ಲಿನ ಓಣಿಯಲ್ಲಿ ಬೈಕು ನಿಲ್ಲಿಸಿದಾಗ ಒಳಗಿನಿಂದ ಲಾಳಿಯ ಸದ್ದು ಟಕಟಕ ಕೇಳಿಸುತ್ತಿತ್ತು.

"ಯಾಕೋ, ಇಷ್ಟ ಹೊತ್ನ್ಯಾಗ? ಆಫೀಸಿಗೆ ಸೂಟಿ ಏನು?" ಎಂದಳು ತಾಯಿ, ನೇಯುತ್ತಲೇ.

ಅವನು ಹೊಸ್ತಿಲ ಮೇಲೆ ಕುಸಿದು ಕೂತ. ಕ್ಯಾಮೆರಾದ ತಪ್ಪೇನೂ ಇರಲಿಲ್ಲ. ಚಂದವ್ವನದು ಕುಣಿಮಗ್ಗ. ನೆಲದಲ್ಲಿ ಅಗೆದ ಕುಣಿಯೊಳಗೆ ಕಾಲು ಇಳಿಬಿಟ್ಟು, ಅಂಚಿನ ಮೇಲೆ ಕೂತು ನೇಯಬೇಕು. ಗೋಡೆಯ ಮೇಲಿನಿಂದ ನೋಡುವವರಿಗೆ ಕಾಲು ಕಾಣುವುದಿಲ್ಲ, ಮೊಣಕಾಲು ಕಾಣುವುದಿಲ್ಲ, ನೆಲದ ಹತ್ತಿರ ಒಂದು ತಲೆ ಮಾತ್ರ ಕಾಣುತ್ತದೆ. ಪಾಪ, ಆ ಯಂತ್ರ ತನಗೆ ಕಲಿಸಿದ್ದನ್ನೇ ಹೇಳಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅಂದ ಹಾಗೆ, ಇವನು ಓಡಿ ಬಂದಿದ್ದ.

ಅವಳು ಎದ್ದು ರೊಟ್ಟಿ ಬಡಿದು, ಶೇಂಗಾ ಚಟ್ನಿ ಹಚ್ಚಿ ಮಗನಿಗೆ ಉಣಿಸಿ ಕಳಿಸಿದಳು. ಅಂದು ಅವಳಿಗೆ ಖುಷಿಯೋ ಖುಷಿ. "ನಾ ಬಿದ್ದೇನಿ ಅಂತ ಗಾಳಿಗತೆ ಓಡಿ ಬಂದಾನ ನೋಡು," ಎಂದು ಗೋಡೆಯಾಚೆಯ ಸಾಯಿಮಾಗೆ ಕೂಗಿ ಹೇಳಿದಳು.

ಎರಡನೆಯ ಸಲ ಕೂಗಿದಾಗ ಮನೆಮಂದಿಯೆಲ್ಲ ಬಾದಾಮಿಗೆ ನಂಟರ ನಿಶ್ಚಿತಾರ್ಥಕ್ಕೆ ಹೋಗಿದ್ದರು. ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಿದ್ದರು. ಫೋನು ಅರಚಿದ್ದಕ್ಕೆ ಎಲೆಯ ಮುಂದೆ ಕೂತವರೆಲ್ಲ ತಿರುಗಿದರು. ಮಹಾಂತೇಶ ನವೀದನಿಗೆ ಫೋನು ಮಾಡಿ, ಅವನು ಹೋಗಿ ನೋಡಿ, "ಮಗ್ಗದಾಗ ಕುಂತಾರ್ರಿ, ಚೊಲೋ ಅದಾರ" ಅನ್ನುವಷ್ಟರಲ್ಲಿ ಹೋಳಿಗೆ ಆರಿ ಹೋಗಿತ್ತು. ಮುಂದಿನ ಸಲ ಸಾಹೇಬರ ಮೀಟಿಂಗಿನಲ್ಲಿ ಕೂಗಿತು. "ಮಹಾಂತೇಶ ಅವರೇ, ಇದು ಕಚೇರಿಯೋ ಅಗ್ನಿಶಾಮಕ ಠಾಣೆಯೋ?" ಎಂದು ಸಾಹೇಬರು ಎಲ್ಲರೆದುರು ಕೇಳಿದರು. ಅದೇ ವಾರ ರೋಹಿಣಿಗೆ ತರಗತಿಯಲ್ಲಿ ಪಾಠ ಹೇಳುವಾಗಲೇ ಕೂಗು ಬಂದು, ಕೈಯಿಂದ ಸೀಮೆಸುಣ್ಣ ಜಾರಿ ಬಿತ್ತು.

ಅಂದು ಸಂಜೆ ಊಟಕ್ಕೆ ಕೂತಾಗ ಮಹಾಂತೇಶ ಫೋನನ್ನು ಮಗಳ ಮುಂದೆ ತಳ್ಳಿದ.

"ದಾನು, ಈ ಮಗ್ಗದ ಕಾಟ ತಪ್ಪಸು. ಕುಣಿ ಇದ್ದ ಜಾಗಾ ಅಷ್ಟೂ ಬಿಟ್ಟು ನೋಡು ಅಂತ ಅದಕ್ಕ ಹೇಳು."

"ಹೇಳಬೌದು ಪಪ್ಪಾ. ಆದ್ರ ಅಲ್ಲಿ ಏನಾದ್ರೂ ಅದು ತಿರುಗೀನೂ ನೋಡಂಗಿಲ್ಲ. ಆಯಿ ಹಗಲೆಲ್ಲಾ ಅಲ್ಲೇ ಇರ್ತಾಳ."

"ಕುಂತಾಕಿ ಹೆಂಗ ಬೀಳ್ತಾಳ? ಬಿದ್ರ ಅಡಗಿಮನಿಯಾಗ ಬೀಳಬೇಕು, ನಡಿಯೂ ಮುಂದ ಬೀಳಬೇಕು."

"ಅದಕ್ಕ ಕುಣಿ ಅಂದ್ರೇನು ಅಂತ ಕಲಿಸೂದು ಛಲೋ. ನಮ್ಮ ಸರ್‌ಗೆ ಕೇಳ್ತೇನಿ. ಆಯಿ ನೇಯೂ ಫೋಟೋ ಭಾಳ ಬೇಕಾಕ್ಕಾವು, ಸ್ವಲ್ಪ ದಿನಾ ಹಿಡೀತೈತಿ."

"ಅಲ್ಲೀತನಕ ನಾ ನೌಕರಿ ಮಾಡ್ಲೋ, ಇಳಕಲ್ಲಿಗೆ ಓಡಾಡ್ಲೋ? ಮೊದಲ ಬಂದ್ ಮಾಡು. ಆಮ್ಯಾಲೆ ಕಲಿಸೀಯಂತ."

ದಾನೇಶ್ವರಿ ತಾಯಿಯ ಮುಖ ನೋಡಿದಳು. ರೋಹಿಣಿ ಸಾರಿನ ಸೌಟು ಹಿಡಿದುಕೊಂಡೇ, "ಬಂದ್ ಮಾಡಿದ್ದು ಅತ್ತಿಯವರಿಗೆ ಹೇಳ್ರಿ ಮತ್ತ. ಗೊತ್ತಿರಲಿ ಅವರಿಗೂ," ಎಂದಳು.

"ಹೇಳ್ತೇನಿ."

"ಈಗ ಹೇಳ್ರಿ."

"ಉಣ್ಣಾಕರ ಬಿಡ್ತೀಯೋ ಇಲ್ಲೋ? ಹೇಳ್ತೇನಿ ಅಂದ್ನೆಲ್ಲ."

ದಾನೇಶ್ವರಿ ಫೋನಿನ ಮೇಲೆ ಬೆರಳಿನಿಂದ ಕುಣಿಯ ಸುತ್ತ ಒಂದು ಗೆರೆ ಎಳೆದಳು. ಫೋನು ಸುಮ್ಮನಾಯಿತು. ಪರೀಕ್ಷೆ ಹತ್ತಿರ ಬಂತು, ಸರ್‌ಗೆ ಕೇಳುವುದು ಮುಂದಕ್ಕೆ ಹೋಯಿತು. ಮಹಾಂತೇಶ ಹೇಳುವುದೂ ಮುಂದಕ್ಕೆ ಹೋಯಿತು. ಮೊದಲು ದಿನ ಬಿಟ್ಟು ದಿನ ತಾಯಿಗೆ ಫೋನು ಮಾಡುತ್ತಿದ್ದವನು ವಾರಕ್ಕೊಮ್ಮೆ ಮಾಡತೊಡಗಿದ. ಏನಾದರೂ ಆದರೆ ಕೂಗುತ್ತದಲ್ಲ, ಕೂಗಿಲ್ಲವೆಂದರೆ ಅವ್ವ ಆರಾಮಿದ್ದಾಳೆ ಎಂದೇ ಅರ್ಥ. ಮನುಷ್ಯನಿಗೆ ಕಾಳಜಿಯನ್ನು ಬೇರೆಯವರ ತಲೆಗೆ ಕಟ್ಟುವುದೆಂದರೆ ಎಷ್ಟು ಸಲೀಸು!

ಇತ್ತ ಇಳಕಲ್ಲಿನಲ್ಲಿ ಚಂದವ್ವನ ದಿನಚರಿಯೇ ಬದಲಾಗಿತ್ತು. ಮೊದಮೊದಲು ಗೋಡೆಯ ಮೇಲಿನ ಆ ಕಪ್ಪು ಗುಂಡನ್ನು ಕಂಡರೆ ಅವಳಿಗೆ ಸಿಟ್ಟು ಬರುತ್ತಿತ್ತು. ಆಮೇಲೆ ನಾಚಿಕೆ ಬಿಟ್ಟಿತು. ಈಗ ಬೆಳಿಗ್ಗೆ ಎದ್ದು ವಿಭೂತಿ ಹಚ್ಚಿಕೊಂಡು ಅದರ ಮುಂದೆ ನಿಂತು, "ಎದ್ದೇನಪ್ಪಾ, ಆರಾಮ ಅದೇನಿ," ಅನ್ನುವಳು. ಗುಳಿಗೆ ನುಂಗುವ ಮೊದಲು ಅಂಗೈಯಲ್ಲಿಟ್ಟು ತೋರಿಸುವಳು. "ಇವತ್ತ ಮಡಕಿಕಾಳಿನ ಪಲ್ಯ ಮಾಡೇನಿ ಮಾಂತೇಶ, ನಿನಗ ಸೇರತೈತೆಲ್ಲ," ಎನ್ನುವಳು. ಸಾಯಿಮಾ ಒಳಗೆ ಬಾರದಾದ ಮೇಲೆ ಆ ಮನೆಯಲ್ಲಿ ಮಾತಿಗೆ ಇದ್ದದ್ದು ಅದೊಂದೇ.

ನಾಗರ ಪಂಚಮಿ ಬಂತು. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು ಕಟ್ಟಿದಳು. ಒಂದು ಉಂಡಿ ಎತ್ತಿ ಗೋಡೆಯತ್ತ ಹಿಡಿದು, "ದಾನು, ನಿನಗಂತ ಬೆಲ್ಲ ಜಾಸ್ತಿ ಹಾಕೇನಿ. ಯಾವಾಗ ಬರ್ತಿ?" ಎಂದು ಕೇಳಿದಳು. ಯಾರೂ ಬರಲಿಲ್ಲ. ನೋಡಿರುತ್ತಾರೆ, ಪಾಪ, ಕೆಲಸವಿರುತ್ತದೆ ಎಂದುಕೊಂಡು ಡಬ್ಬಿಯ ಮುಚ್ಚಳ ಹಾಕಿದಳು.

ಹಬ್ಬದ ಮರುದಿನ ರೋಹಿಣಿಗೆ ಯಾಕೋ ಮನಸ್ಸು ತಡೆಯಲಿಲ್ಲ. ಫೋನು ಕೂಗಿದರೆ ಒಂದು ಸಂಕಟ, ಕೂಗದಿದ್ದರೆ ಇನ್ನೊಂದು. ಶಾಲೆಯಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಅತ್ತೆಗೆ ಫೋನು ಹಚ್ಚಿದಳು.

"ಅತ್ತಿ, ನಾ ರೋಹಿಣಿ."

"ಹೂಂ, ಹೇಳವಾ."

"ಒಂದು ಮಾತು ಹೇಳೂದಿತ್ತು..."

"ಹೇಳು."

ಕ್ಯಾಮೆರಾಕ್ಕೆ ಕುಣಿ ಕಾಣುವುದಿಲ್ಲ ಎಂದು ಹೇಳಬೇಕು. ಹೇಳಿದರೆ, 'ನನ್ನ ಮಗಾ ನೋಡಾಕತ್ತಿದ್ದ, ನೀನ ಬಂದ್ ಮಾಡಿಸಿದಿ' ಎಂದು ತನ್ನ ಮೇಲೇ ಬರುತ್ತದೆ. ರೋಹಿಣಿ ಮಾತು ತಿರುಗಿಸಿದಳು.

"ಏನಿಲ್ಲ... ಉಂಡ್ರ್ಯಾ?"

"ಈಗರ ಉಂಡೆ. ನೋಡ್ಲಿಲ್ಲೇನು?"

"ಆಂ?"

"ನೋಡ್ತಿರ್ತೀರೆಲ್ಲ. ಮತ್ಯಾಕ ಫೋನಿನ ಖರ್ಚು?" ಎಂದು ಚಂದವ್ವ ಇಟ್ಟುಬಿಟ್ಟಳು.

ಗಂಡ ಮನೆಗೆ ಬಂದ ಕೂಡಲೇ ರೋಹಿಣಿ ಅವನ ಮುಂದೆ ನಿಂತಳು. "ಅತ್ತಿ ನಾವು ಹಗಲೆಲ್ಲಾ ನೋಡ್ತೇವಿ ಅಂತ ತಿಳ್ಕೊಂಡಾರ್ರಿ! ನೀವು ಹೇಳೇ ಇಲ್ಲ?"

"ಇರ್ಲಿ ಬಿಡು. ನೋಡ್ತಾರ ಅಂತ ತಿಳ್ಕೊಂಡ್ರ ಹುಷಾರಿರ್ತಾಳ."

"ಇದು ಸರಿ ಅಲ್ರಿ. ನನಗ ಅಂಜಿಕಿ ಬರತೈತಿ."

"ನಿನಗ ಎಲ್ಲಾದಕ್ಕೂ ಅಂಜಿಕಿ. ಐತವಾರ ಹೋಗಿ ನಾನ ಹೇಳಿ ಬರ್ತೇನಿ, ಆತಿಲ್ಲ?"

ಐತವಾರಕ್ಕೆ ಇನ್ನೂ ಕೆಲವು ದಿನ ಇದ್ದವು.

ಗುರುವಾರ ಬೆಳಿಗ್ಗೆ ಚಂದವ್ವ ನೇಯುತ್ತ ಕೂತಿದ್ದಳು. ಲಾಳಿಯ ನೂಲು ತೀರಿತು. ಬಾಗಿಲ ಹತ್ತಿರದ ಬುಟ್ಟಿಯಿಂದ ಕಂಡಿಕೆ ತರಲು ಕುಣಿಯಿಂದ ಮೇಲೇಳಹೋದಳು. ಒಂದು ಕಾಲು ಮೇಲಿಟ್ಟಳು, ಇನ್ನೊಂದು ಕಾಲು ತುಳಿಯುವ ಹಲಗೆಯ ಹಗ್ಗಕ್ಕೆ ತೊಡರಿತು. ಸೊಂಟದ ಮೇಲೆ ಕುಣಿಯೊಳಗೆ ಬಿದ್ದಳು. ಮೊದಲಾದರೆ ಕುಣಿಯ ಪಕ್ಕದಲ್ಲಿ ಕೂತು ಕಂಡಿಕೆ ಕೈಗೆ ಕೊಡಲು ಸಾಯಿಮಾ ಇರುತ್ತಿದ್ದಳು.

ಸಾಯಿಮಾಗೆ ಮಗ್ಗ ನಿಂತದ್ದು ಗೋಡೆಯಾಚೆಯಿಂದ ತಿಳಿಯಿತು. ಅಡ್ಡಾಗಿರಬೇಕು ಎಂದುಕೊಂಡಳು. ಬಟ್ಟೆ ಒಗೆದಳು, ಒಣಹಾಕಿದಳು, ಅಡುಗೆ ಮುಗಿಸಿದಳು. ಮಗ್ಗ ಸುಮ್ಮನೇ ಇತ್ತು. ಏನಾದರೂ ಆಗಿದ್ದರೆ ಇಷ್ಟರಲ್ಲಿ ಬಾಗಲಕೋಟೆಯಿಂದ ಫೋನು ಬರುತ್ತಿತ್ತಲ್ಲ, ಅವರಿಗೆ ಎಲ್ಲ ಕಾಣುತ್ತದಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮಧ್ಯಾಹ್ನದ ನಮಾಜಿನ ಕರೆ ಕೇಳಿ ಎದ್ದವಳಿಗೆ ಸಮಾಧಾನ ಸಾಲದಾಯಿತು. ಹೋಗಿ ಬಾಗಿಲಲ್ಲಿ ನಿಂತು ಕೂಗಿದಳು.

"ದೊಡ್ಡವ್ವಾ! ಏ ದೊಡ್ಡವ್ವಾ!"

ಕಂಡಿಕೆಯ ಬುಟ್ಟಿ ಇಟ್ಟಲ್ಲೇ ಇತ್ತು. ಮುಚ್ಚಿಟ್ಟ ರೊಟ್ಟಿ ಮುಚ್ಚಿಟ್ಟಂತೆಯೇ ಇತ್ತು. ಒಳಗಿನಿಂದ ನರಳಿದಂಥ ಒಂದು ದನಿ ಬಂತು. ಸಾಯಿಮಾ ಓಢಣಿಯನ್ನೂ ನೋಡಿಕೊಳ್ಳಲಿಲ್ಲ, ಕ್ಯಾಮೆರಾವನ್ನೂ ನೋಡಲಿಲ್ಲ, ಓಡಿದಳು.

ಮಹಾಂತೇಶ ಕಚೇರಿಯಲ್ಲಿ ಬುತ್ತಿ ಬಿಚ್ಚುವಾಗ ಅವಳ ಫೋನು ಬಂತು. ಅವನು ಮೊದಲು ಹೇಳಿದ ಮಾತು, "ಇಲ್ಲರಿ, ನನ್ನ ಫೋನ್ ಕೂಗೇ ಇಲ್ಲಲ್ಲ!" ಎಂದು.

"ಅಣ್ಣಾರ, ನಿಮ್ಮ ಫೋನ್ ಮನಿ ಹಾಳಾಗ್ಲಿ. ದೊಡ್ಡವ್ವ ಕುಣ್ಯಾಗ ಬಿದ್ದಾಳ, ಏಳಾಕ ಬರವಲ್ದು. ನವೀದ ಗಾಡಿ ತರಾಕ ಹೋಗ್ಯಾನ. ಲಗೂನ ಬರ್ರಿ!"

ಇಳಕಲ್ಲಿನಲ್ಲಿ ನೋಡಿದ ಡಾಕ್ಟರು ಬಾಗಲಕೋಟೆಗೆ ಒಯ್ಯಿರಿ ಅಂದರು. ಬಾಗಲಕೋಟೆಯ ದವಾಖಾನೆಯಲ್ಲಿ ತೊಡೆಯ ಮೇಲ್ಭಾಗದ ಎಲುಬು ಮುರಿದಿದೆ, ಆಪರೇಷನ್ ಆಗಬೇಕು, ಆದರೂ ಮೊದಲಿನಂತೆ ಕುಣಿಗೆ ಇಳಿದು ಕೂಡುವುದು ಕಷ್ಟ ಅಂದರು. ಬಿದ್ದ ತಕ್ಷಣ ಯಾಕೆ ತರಲಿಲ್ಲ, ನೀರಿಲ್ಲದೆ ಮೈ ಎಷ್ಟು ಬತ್ತಿದೆ ನೋಡಿ ಎಂದು ಗದರಿದರು. ಮಹಾಂತೇಶ ತಲೆ ತಗ್ಗಿಸಿ ಹೂಂ ಅಂದ. ದಾನೇಶ್ವರಿ ಕಾಲೇಜಿನಿಂದ ಸೀದಾ ಬಂದು ಬೆಂಚಿನ ಮೇಲೆ ಕೂತಿದ್ದಳು. ಅವಳ ಕಣ್ಣು ಕೆಂಪಾಗಿದ್ದವು.

ಸಂಜೆಯ ಹೊತ್ತಿಗೆ ಸಲೈನು ಏರಿ ಚಂದವ್ವ ಸ್ವಲ್ಪ ಚೇತರಿಸಿಕೊಂಡಳು. ಎಲ್ಲರೂ ಮಂಚದ ಸುತ್ತ ನಿಂತರು. ಗಾಡಿಯಲ್ಲಿ ಜೊತೆಗೇ ಬಂದಿದ್ದ ಸಾಯಿಮಾ ಅವಳ ಕೈ ಹಿಡಿದು ಅತ್ತಳು.

"ಒಂದ ಸಲ ಕೂಗಬಾರದಿತ್ತೇನು ದೊಡ್ಡವ್ವಾ? ಗ್ವಾಡಿ ಆಚೆ ಇದ್ನೆಲ್ಲ ನಾ! ಅರ್ಧಾ ದಿನಾ ಹಂಗ ಬಿದ್ದೀಯಲ್ಲ!"

"ಯಾಕ ಕೂಗ್ಲೆವಾ?" ಎಂದಳು ಚಂದವ್ವ. ದನಿ ಸಣ್ಣಗಾಗಿತ್ತು, ಆದರೆ ಅದರಲ್ಲಿ ಹೆಮ್ಮೆ ಇತ್ತು. "ಮಗಾ ನೋಡಾಕತ್ತಿದ್ದ. ಬಿದ್ದ ಕೂಡ್ಲೇ ಕೈ ಎತ್ತಿ ಬಾ ಅಂತ ಕರದೆ. ಬರ್ತಾನ ಅಂತ ಗೊತ್ತಿತ್ತು. ಗಂಡಸರು ಬರ್ತಾರಂತ ಸೀರಿ ಸರಿ ಮಾಡ್ಕೊಂಡೆ. ನಿನ್ನನ್ಯಾಕ ಕೂಗಿ ಗಾಬರಿ ಮಾಡ್ಲಿ?"

ಸಾಯಿಮಾ ಮಹಾಂತೇಶನ ಕಡೆ ನೋಡಿದಳು. ಅವನು ಸಲೈನ್ ಬಾಟಲಿಯನ್ನು ನೋಡುತ್ತಿದ್ದ.

"ಸ್ವಲ್ಪ ತಡಾ ಆತು," ಎಂದು ಚಂದವ್ವ ಮಗನ ಪರವಾಗಿ ಎಲ್ಲರಿಗೂ ಸಮಜಾಯಿಷಿ ಕೊಟ್ಟಳು. "ನೌಕರಿ ಅಂದ ಮ್ಯಾಲೆ ತಡಾ ಆಗತೈತಿ. ಸಾಹೇಬ ಬಿಟ್ಟಿರಲಿಕ್ಕಿಲ್ಲ. ಅಲ್ಲೇನೋ?"

"ಹೂಂ ಯವ್ವಾ," ಎಂದ ಮಹಾಂತೇಶ. "ಸಾಹೇಬರು... ಸ್ವಲ್ಪ..."

"ಇಲ್ಲರಿ ಅತ್ತಿ," ಎಂದಳು ರೋಹಿಣಿ.

"ರೋಹಿಣಿ, ಈಗ ಬ್ಯಾಡ."

"ಈಗ ಬ್ಯಾಡ, ಈಗ ಬ್ಯಾಡ ಅಂತಾನ ಇಲ್ಲೀತನಕ ಬಂತು," ಎಂದು ರೋಹಿಣಿ ಮಂಚದ ಹತ್ತಿರ ಬಂದು ಅತ್ತೆಯ ಪಕ್ಕ ಬಗ್ಗಿದಳು. "ನಾವು ನೋಡಾಕತ್ತಿರಲಿಲ್ಲರಿ. ಅದರಾಗ ಯಾರೂ ನೋಡಂಗಿಲ್ಲ, ಯಾರೂ ಕೇಳಂಗಿಲ್ಲ. ನೀವು ಬಿದ್ರ ಕೂಗತೈತಿ, ಅಷ್ಟ. ಕುಣ್ಯಾಗ ಕುಂತಾಗ ಸುಳ್ಳಸುಳ್ಳ ಕೂಗ್ತಿತ್ತು ಅಂತ ಆ ಜಾಗಾ ನಾವ ಬಂದ್ ಮಾಡಿದ್ವಿ. ನಿಮಗ ಹೇಳ್ಲಿಲ್ಲ. ನಾನೂ ಹೇಳ್ಲಿಲ್ಲ."

ದಾನೇಶ್ವರಿ ಬಿಕ್ಕಿದಳು. ಪಕ್ಕದ ಮಂಚದವರ ಕಡೆಯ ಹೆಂಗಸೊಬ್ಬಳು ಕಿತ್ತಳೆ ಸುಲಿಯುವುದನ್ನು ನಿಲ್ಲಿಸಿ ಇತ್ತ ತಿರುಗಿದಳು.

ಬೈಗುಳ ಬರುತ್ತದೆ ಎಂದು ರೋಹಿಣಿ ಕಾದಳು. ಬಂದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಚಂದವ್ವ ಸೊಸೆಯ ಮುಖ ನೋಡಿ, ಲೆಕ್ಕ ತಪ್ಪಿದವಳಂತೆ ಹಣೆ ಗಂಟಿಕ್ಕಿಕೊಂಡಳು. ಆಮೇಲೆ ನಿಧಾನವಾಗಿ ಮಗನತ್ತ ಹೊರಳಿದಳು.

"ಹಂಗಾರ ಇಷ್ಟು ದಿನಾ ನಾ ಯಾರ ಜೋಡಿ ಮಾತಾಡಿದ್ನೋ, ಮಾಂತೇಶ?"